ಆಂಟೆನಾ ಕಲಿಕೆ: ಕಂಬಿಯ ಉದ್ದದ ಹಿಂದಿರುವ ಲೆಕ್ಕ

ಮಾಳಿಗೆಯ ಮೇಲೆ ಡಿಶ್, ಮೀನುಗಾರಿಕೆ ಬೋಟಿನ ಕ್ಯಾಬಿನ್ ಮೇಲೆ ಬಿಳಿ ಕೋಲು, ಗುಡ್ಡದ ತುದಿಯಲ್ಲಿ ಮೊಬೈಲ್ ಟವರ್, ಕಿಸೆಯಲ್ಲಿ ಫೋನ್. ನೋಡಲು ಒಂದಕ್ಕೊಂದು ಹೋಲಿಕೆ ಇಲ್ಲ. ಆದರೆ ನಾಲ್ಕರಲ್ಲೂ ಕೆಲಸ ಮಾಡುವುದು ಆಂಟೆನಾವೇ. ತಂತಿಯಲ್ಲಿ ಹರಿಯುವ ವಿದ್ಯುತ್ತನ್ನು ಗಾಳಿಯಲ್ಲಿ ಸಾಗುವ ಅಲೆಯನ್ನಾಗಿ, ಗಾಳಿಯಲ್ಲಿ ಬಂದ ಅಲೆಯನ್ನು ಮತ್ತೆ ತಂತಿಯ ವಿದ್ಯುತ್ತಾಗಿ ಮಾಡಿಕೊಡುವ ಸಾಧನಕ್ಕೆ ಆಂಟೆನಾ ಅಂತ ಹೆಸರು.

ಕಾಸರಗೋಡು, ಮಂಜೇಶ್ವರ, ಉಳ್ಳಾಲ, ಮಂಗಳೂರು ಕಡೆಯ ಬ್ಯಾರಿ ಮನೆಗಳಿಗೆ ಈ ವಸ್ತು ಹೊಸದಲ್ಲ. ಗಲ್ಫಿಗೆ ಹೋಗಿ ಕಟ್ಟಡಗಳ ಮೇಲೆ ಡಿಶ್ ಕೂರಿಸಿದವರು, ಟವರ್ ಏರಿ ಕೇಬಲ್ ಎಳೆದವರು, ಊರಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟವರು ಪರಿಚಯದವರಲ್ಲೇ ಸಿಗುತ್ತಾರೆ. ಕೂರಿಸುವ ಕೈ ಉಂಟು. ಆದರೆ ಅದನ್ನು ಅಷ್ಟೇ ಉದ್ದಕ್ಕೆ ಯಾಕೆ ಕತ್ತರಿಸಿದ್ದಾರೆ, ಆ ದಿಕ್ಕಿಗೇ ಯಾಕೆ ತಿರುಗಿಸಬೇಕು ಎಂದು ಲೆಕ್ಕ ಹಾಕಿ ಹೇಳುವವರು ಕಡಿಮೆ. ಎಂಜಿನಿಯರಿಂಗ್ ಸೇರಿದ ಹುಡುಗ ಹುಡುಗಿಯರೂ ಆಂಟೆನಾ ಪೇಪರ್ ಅಂದರೆ ಹೆದರಿ, ಹಳೆಯ ಪ್ರಶ್ನೆಪತ್ರಿಕೆ ಬಾಯಿಪಾಠ ಮಾಡಿ ಪಾಸಾಗಿ ಬಿಟ್ಟುಬಿಡುತ್ತಾರೆ. ಈ ವಿಷಯ ಅಷ್ಟು ಕಷ್ಟದ್ದಲ್ಲ. ಒಂದು ಅಳತೆಯನ್ನು ಸರಿಯಾಗಿ ಹಿಡಿದುಕೊಂಡರೆ ಉಳಿದ ಪಾಠ ಅದರ ಹಿಂದೆಯೇ ಬರುತ್ತದೆ. ಆ ಅಳತೆಯೇ ತರಂಗದೂರ.

ತರಂಗದೂರ: ಎಲ್ಲಕ್ಕೂ ಮೊದಲ ಅಳತೆ

ರೇಡಿಯೋ ಅಲೆ ಬೆಳಕಿನ ವೇಗದಲ್ಲಿ, ಅಂದರೆ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುತ್ತದೆ. ಅಲೆ ಒಂದು ಸೆಕೆಂಡಿನಲ್ಲಿ ಎಷ್ಟು ಸಲ ಮೇಲೆ ಕೆಳಗೆ ಆಗುತ್ತದೆ ಎಂಬುದು ಫ್ರೀಕ್ವೆನ್ಸಿ. ಶಾಲೆಯ ಪುಸ್ತಕದಲ್ಲಿ ಇದನ್ನೇ ಆವೃತ್ತಿ ಎಂದಿರುತ್ತಾರೆ. ಒಂದು ಅಲೆಯ ತಲೆಯಿಂದ ಮುಂದಿನ ಅಲೆಯ ತಲೆಗೆ ಇರುವ ದೂರ ತರಂಗದೂರ. ಲೆಕ್ಕ ಸುಲಭ: 300 ಅನ್ನು ಮೆಗಾಹರ್ಟ್ಸ್‌ನಲ್ಲಿರುವ ಫ್ರೀಕ್ವೆನ್ಸಿಯಿಂದ ಭಾಗಿಸಿದರೆ ತರಂಗದೂರ ಮೀಟರಿನಲ್ಲಿ ಸಿಗುತ್ತದೆ.

- ಮಧ್ಯಮ ತರಂಗದ ರೇಡಿಯೋ, 1 ಮೆಗಾಹರ್ಟ್ಸ್: 300 ಮೀಟರ್
- ಎಫ್‌ಎಂ ರೇಡಿಯೋ, 100 ಮೆಗಾಹರ್ಟ್ಸ್: 3 ಮೀಟರ್
- ಬೋಟಿನ ವಿಎಚ್‌ಎಫ್ ಸೆಟ್, ಚಾನೆಲ್ 16, 156.8 ಮೆಗಾಹರ್ಟ್ಸ್: 1.91 ಮೀಟರ್
- ಮೊಬೈಲ್, 900 ಮೆಗಾಹರ್ಟ್ಸ್: 33 ಸೆಂಟಿಮೀಟರ್
- ವೈಫೈ, 2.4 ಗಿಗಾಹರ್ಟ್ಸ್: 12.5 ಸೆಂಟಿಮೀಟರ್
- ಡಿಟಿಎಚ್ ಟಿವಿ, 12 ಗಿಗಾಹರ್ಟ್ಸ್: 2.5 ಸೆಂಟಿಮೀಟರ್
- ಕಾರಿನ ರಾಡಾರ್, 77 ಗಿಗಾಹರ್ಟ್ಸ್: ಸುಮಾರು 4 ಮಿಲಿಮೀಟರ್

ಆಂಟೆನಾದ ಉದ್ದ ಈ ತರಂಗದೂರದ ಅರ್ಧವೋ ಕಾಲೋ ಆಗಿದ್ದರೆ ಅದು ಅಲೆಗೆ ಚೆನ್ನಾಗಿ ಸ್ಪಂದಿಸುತ್ತದೆ. ಉಯ್ಯಾಲೆಯನ್ನು ಅದರದೇ ತಾಳಕ್ಕೆ ಸರಿಯಾಗಿ ದೂಡಿದರೆ ಸಣ್ಣ ಬಲದಲ್ಲೂ ಜೋರಾಗಿ ಆಡುವ ಹಾಗೆ. ಮಧ್ಯಮ ತರಂಗದ ಆಕಾಶವಾಣಿಗೆ ಇಡೀ ಗೋಪುರವೇ ಆಂಟೆನಾ ಆಗಬೇಕಾಗಿ ಬಂದದ್ದು, ಫೋನಿನ ಆಂಟೆನಾ ಮಾತ್ರ ಹೊರಗೆ ಕಾಣದಷ್ಟು ಚಿಕ್ಕದಾದದ್ದು ಈ ಕಾರಣಕ್ಕೇ.

ತಂತಿಯಿಂದ ಅಲೆ ಹೊರಡುವುದು ಹೇಗೆ

ತಂತಿಯಲ್ಲಿ ಒಂದೇ ವೇಗದಲ್ಲಿ ಸಾಗುವ ವಿದ್ಯುತ್ತಿನಿಂದ ರೇಡಿಯೋ ಅಲೆ ಹುಟ್ಟುವುದಿಲ್ಲ. ಎಲೆಕ್ಟ್ರಾನುಗಳು ಹಿಂದೆ ಮುಂದೆ ಓಲಾಡಬೇಕು, ಅವುಗಳ ವೇಗ ಬದಲಾಗುತ್ತಿರಬೇಕು. ಟಿವಿ ಕೇಬಲಿನಂಥ ಜೋಡಿ ತಂತಿಯಲ್ಲಿ ಹೋಗುವ ಮತ್ತು ಬರುವ ವಿದ್ಯುತ್ತು ಪಕ್ಕಪಕ್ಕದಲ್ಲೇ ಇರುವುದರಿಂದ ಒಂದರ ಪರಿಣಾಮವನ್ನು ಇನ್ನೊಂದು ಅಳಿಸಿಹಾಕುತ್ತದೆ. ಅದೇ ಜೋಡಿ ತಂತಿಯ ತುದಿಗಳನ್ನು ಎರಡು ಕಡೆಗೆ ಬಿಡಿಸಿ ಚಾಚಿದರೆ ಈ ಅಳಿಸಾಟ ನಿಂತು ಅಲೆ ಹೊರಗೆ ಹೊರಡುತ್ತದೆ. ಹೀಗೆ ಬಿಡಿಸಿಟ್ಟ ಎರಡು ಕೈಗಳ ಆಂಟೆನಾಗೆ ಡೈಪೋಲ್ ಎನ್ನುತ್ತಾರೆ. ಅಧ್ಯಯನ ಶುರುವಾಗುವುದು ಇಲ್ಲಿಂದ.

ಇಂಥ ಅಲೆ ಇರಲೇಬೇಕು ಎಂದು ಸ್ಕಾಟ್ಲೆಂಡಿನ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1865ರ ಪ್ರಬಂಧದಲ್ಲಿ ಗಣಿತದ ಮೂಲಕ ತೋರಿಸಿದ್ದ. 1886ರಿಂದ 1888ರ ನಡುವೆ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಹೈನ್ರಿಕ್ ಹರ್ಟ್ಸ್ ಕಿಡಿ ಹಾರಿಸುವ ಡೈಪೋಲ್ ಮತ್ತು ತಂತಿಯ ಬಳೆ ಇಟ್ಟುಕೊಂಡು ಅದನ್ನು ಪ್ರಯೋಗದಲ್ಲೇ ಸಾಬೀತು ಮಾಡಿದ. ಫ್ರೀಕ್ವೆನ್ಸಿಯ ಅಳತೆಗೆ ಇವತ್ತು ಹರ್ಟ್ಸ್ ಎನ್ನುವುದು ಅವನ ಹೆಸರಿನಿಂದ.

ಮರೆಯಬಾರದ ಆರು ಪದಗಳು

ಯಾವ ಆಂಟೆನಾ ಪುಸ್ತಕ ತೆರೆದರೂ ಈ ಆರು ಪದಗಳು ಮತ್ತೆ ಮತ್ತೆ ಬರುತ್ತವೆ.

ರೇಡಿಯೇಷನ್ ಪ್ಯಾಟರ್ನ್: ಆಂಟೆನಾ ಯಾವ ದಿಕ್ಕಿಗೆ ಎಷ್ಟು ಶಕ್ತಿ ಕಳುಹಿಸುತ್ತದೆ ಎಂಬುದರ ಚಿತ್ರ. ನೆಟ್ಟಗೆ ನಿಲ್ಲಿಸಿದ ಡೈಪೋಲ್ ಸುತ್ತಲಿನ ಎಲ್ಲ ದಿಕ್ಕಿಗೂ ಸಮನಾಗಿ ಕಳುಹಿಸುತ್ತದೆ, ತನ್ನ ತುದಿಗಳ ನೇರಕ್ಕೆ ಏನೂ ಕಳುಹಿಸುವುದಿಲ್ಲ. ಅದರ ಚಿತ್ರ ಉದ್ದಿನ ವಡೆಯ ಆಕಾರದ್ದು.

ಗೈನ್: ಆಂಟೆನಾ ಹೊಸ ಶಕ್ತಿಯನ್ನು ಹುಟ್ಟಿಸುವುದಿಲ್ಲ, ಇದ್ದ ಶಕ್ತಿಯನ್ನು ಒಂದು ದಿಕ್ಕಿಗೆ ಒಟ್ಟು ಮಾಡುತ್ತದೆ. ಬರೀ ಬಲ್ಬಿಗೂ ಅದೇ ಬಲ್ಬ್ ಹಾಕಿದ ಟಾರ್ಚಿಗೂ ಇರುವ ವ್ಯತ್ಯಾಸ ಇದು. ಗೈನನ್ನು ಡೆಸಿಬಲ್‌ನಲ್ಲಿ ಹೇಳುತ್ತಾರೆ: 3 ಡೆಸಿಬಲ್ ಅಂದರೆ ಎರಡು ಪಟ್ಟು, 10 ಅಂದರೆ ಹತ್ತು ಪಟ್ಟು, 20 ಅಂದರೆ ನೂರು ಪಟ್ಟು. ಎಲ್ಲ ದಿಕ್ಕಿಗೂ ಒಂದೇ ಸಮ ಹರಡುವ ಕಾಲ್ಪನಿಕ ಆಂಟೆನಾಗೆ ಹೋಲಿಸಿದರೆ ಅರ್ಧ ತರಂಗದ ಡೈಪೋಲಿನ ಗೈನ್ 2.15 ಡೆಸಿಬಲ್.

ಪೋಲರೈಸೇಷನ್: ಅಲೆಯ ವಿದ್ಯುತ್ ಕ್ಷೇತ್ರ ಯಾವ ದಿಕ್ಕಿಗೆ ಆಡುತ್ತದೆ ಎಂಬುದು. ಕಳುಹಿಸುವ ಆಂಟೆನಾ ನಿಂತಿದ್ದು ಪಡೆಯುವ ಆಂಟೆನಾ ಮಲಗಿದ್ದರೆ ಸಿಗ್ನಲಿನ ಹೆಚ್ಚಿನ ಪಾಲು ನಷ್ಟ.

ಇಂಪೀಡೆನ್ಸ್: ಕೇಬಲಿಗೆ ಆಂಟೆನಾ ಒಡ್ಡುವ ತಡೆ. ಅರ್ಧ ತರಂಗದ ಡೈಪೋಲಿಗೆ ಇದು ಸುಮಾರು 73 ಓಮ್. ನೆಲದ ಮೇಲೆ ನಿಲ್ಲಿಸಿದ ಕಾಲು ತರಂಗದ ಕೋಲಿಗೆ ಅದರ ಅರ್ಧ, ಸುಮಾರು 36.5 ಓಮ್.

ರಿಟರ್ನ್ ಲಾಸ್: ಕೇಬಲ್ ಮತ್ತು ಆಂಟೆನಾದ ಇಂಪೀಡೆನ್ಸ್ ಹೊಂದದಿದ್ದರೆ ಒಂದಿಷ್ಟು ಶಕ್ತಿ ವಾಪಸ್ ಬರುತ್ತದೆ. ರಿಟರ್ನ್ ಲಾಸ್ 10 ಡೆಸಿಬಲ್ ಇದ್ದರೆ ಹತ್ತರಲ್ಲಿ ಒಂದು ಪಾಲು ವಾಪಸ್ ಎಂದರ್ಥ. ಸಾಮಾನ್ಯವಾಗಿ ಇದನ್ನೇ ಒಪ್ಪಬಹುದಾದ ಗಡಿ ಎಂದು ಇಟ್ಟುಕೊಳ್ಳುತ್ತಾರೆ.

ಬ್ಯಾಂಡ್‌ವಿಡ್ತ್: ಆಂಟೆನಾ ಎಷ್ಟು ಅಗಲದ ಫ್ರೀಕ್ವೆನ್ಸಿ ಹರವಿನಲ್ಲಿ ಸರಿಯಾಗಿ ಕೆಲಸ ಮಾಡುತ್ತದೆ ಎಂಬುದು.

ಡಿಸೈನ್ ಅಂದರೆ ಈ ಆರರ ನಡುವಿನ ಚೌಕಾಸಿ. ಒಂದನ್ನು ಹೆಚ್ಚಿಸಲು ಹೋದರೆ ಇನ್ನೊಂದು ಕಡಿಮೆಯಾಗುತ್ತದೆ.

ಬೋಟಿನ ಆಂಟೆನಾ: ಒಂದು ನಿಜವಾದ ಲೆಕ್ಕ

ಈ ಚೌಕಾಸಿಗೆ ಕರಾವಳಿಯವರಿಗೆ ಹತ್ತಿರದ ಉದಾಹರಣೆ ಮೀನುಗಾರಿಕೆ ಬೋಟು. ಸಮುದ್ರದಲ್ಲಿ ಇಂಜಿನ್ ನಿಂತಾಗ, ನೀರು ಒಳಗೆ ನುಗ್ಗಿದಾಗ ಕರೆಯಬೇಕಾದ ವಿಎಚ್‌ಎಫ್ ಚಾನೆಲ್ 16. ಅದರ ಕಾಲು ತರಂಗದ ಕೋಲು 48 ಸೆಂಟಿಮೀಟರ್. ಸಿಗ್ನಲ್ ದೂರ ಹೋಗುತ್ತಿಲ್ಲ ಅಂದ ಕೂಡಲೇ ಎಲ್ಲರ ಬಾಯಲ್ಲಿ ಬರುವ ಮಾತು ಒಂದೇ: "ಪವರ್ ಜಾಸ್ತಿ ಇರುವ ಸೆಟ್ ಹಾಕಿ." ಲೆಕ್ಕ ಬೇರೆಯೇ ಹೇಳುತ್ತದೆ.

ವಿಎಚ್‌ಎಫ್ ಅಲೆ ಹೆಚ್ಚು ಕಡಿಮೆ ನೇರ ಸಾಗುತ್ತದೆ, ಭೂಮಿ ಮಾತ್ರ ಬಾಗಿದೆ. ಆಂಟೆನಾದ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ರೇಡಿಯೋ ದಿಗಂತ ಎಷ್ಟು ಕಿಲೋಮೀಟರ್ ಎಂದು ಸಿಗುತ್ತದೆ. ನೀರಿನಿಂದ 4 ಮೀಟರ್ ಎತ್ತರದ ಆಂಟೆನಾಗೆ ಇದು ಸುಮಾರು 8.2 ಕಿಲೋಮೀಟರ್. ಅಷ್ಟೇ ಎತ್ತರದ ಇನ್ನೊಂದು ಬೋಟಿನ ಜೊತೆ ಮಾತಾಡಲು ಎರಡನ್ನೂ ಕೂಡಿಸಿ ಸುಮಾರು 16.5 ಕಿಲೋಮೀಟರ್. ದಡದಲ್ಲಿ 36 ಮೀಟರ್ ಎತ್ತರದ ಆಂಟೆನಾ ಇದ್ದರೆ ಬೋಟಿನಿಂದ ಅಲ್ಲಿಗೆ ಸುಮಾರು 33 ಕಿಲೋಮೀಟರ್ ಸಿಗುತ್ತದೆ. ಸೆಟ್ಟಿನ ಪವರನ್ನು 25 ವಾಟ್‌ನಿಂದ 50ಕ್ಕೆ ಏರಿಸಿದರೆ ಹೆಚ್ಚುವುದು 3 ಡೆಸಿಬಲ್ ಮಾತ್ರ, ದಿಗಂತ ಮುಂದೆ ಸರಿಯುವುದಿಲ್ಲ. ಆಂಟೆನಾವನ್ನು 4ರಿಂದ 9 ಮೀಟರಿಗೆ ಏರಿಸಿದರೆ ಬೋಟಿನ ಕಡೆಯ ದಿಗಂತ 8.2ರಿಂದ 12.4 ಕಿಲೋಮೀಟರಿಗೆ ಹೋಗುತ್ತದೆ.

ಹಾಗಾದರೆ ಗೈನ್ ಜಾಸ್ತಿ ಇರುವ ಆಂಟೆನಾ ತಂದರೆ? ಅಲ್ಲೂ ಎಚ್ಚರ ಬೇಕು. ನಿಂತಿರುವ ಕೋಲಿನ ಗೈನ್ ಹೆಚ್ಚಿದಷ್ಟೂ ಅದರ ಕಿರಣ ಮೇಲೆ ಕೆಳಗೆ ಚಪ್ಪಟೆಯಾಗುತ್ತದೆ. ಸಣ್ಣ ಬೋಟು ಅಲೆಗೆ ಅತ್ತ ಇತ್ತ ವಾಲುವಾಗ ಆ ಚಪ್ಪಟೆ ಕಿರಣ ಒಮ್ಮೆ ನೀರಿಗೆ, ಒಮ್ಮೆ ಆಕಾಶಕ್ಕೆ ಹೋಗುತ್ತದೆ. ಹಾಗಾಗಿ ಹೆಚ್ಚು ಓಲಾಡುವ ಸಣ್ಣ ಬೋಟಿಗೆ 3 ಡೆಸಿಬಲ್‌ನ ಆಂಟೆನಾವೇ ವಾಸಿ. 9 ಡೆಸಿಬಲ್‌ನದು ಕಡಿಮೆ ಓಲಾಡುವ ದೊಡ್ಡ ಹಡಗಿಗೆ ಹೊಂದುತ್ತದೆ.

ಕೇಬಲಿನ ಲೆಕ್ಕವೂ ಉಂಟು. ತೆಳ್ಳಗಿನ ಆರ್‌ಜಿ 58 ಕೇಬಲ್ ಈ ಫ್ರೀಕ್ವೆನ್ಸಿಯಲ್ಲಿ 10 ಮೀಟರಿಗೆ ಸುಮಾರು 2 ಡೆಸಿಬಲ್ ನುಂಗುತ್ತದೆ. ಸೆಟ್ಟಿನಿಂದ ಹೊರಟ 25 ವಾಟ್‌ನಲ್ಲಿ ಆಂಟೆನಾಗೆ ತಲುಪುವುದು ಸುಮಾರು 16 ವಾಟ್ ಮಾತ್ರ. ಉಪ್ಪುನೀರು ಕನೆಕ್ಟರಿನೊಳಗೆ ಇಳಿದಿದ್ದರೆ ಅದೂ ಇಲ್ಲ. ಎತ್ತರ, ಒಳ್ಳೆಯ ಕೇಬಲ್, ನೀರು ಇಳಿಯದ ಜೋಡಣೆ: ಹೊಸ ಸೆಟ್ಟಿಗೆ ದುಡ್ಡು ಕೊಡುವ ಮೊದಲು ನೋಡಬೇಕಾದ್ದು ಈ ಮೂರು. ಆಪತ್ತಿನ ಹೊತ್ತಿನಲ್ಲಿ ದಡಕ್ಕೆ ಧ್ವನಿ ಮುಟ್ಟುತ್ತದೋ ಇಲ್ಲವೋ ಎಂಬುದು ಈ ಸಣ್ಣ ಲೆಕ್ಕದ ಮೇಲೆ ನಿಂತಿರುತ್ತದೆ.

ಮುಖ್ಯ ವಿಧಗಳು, ಅವುಗಳ ಹಿಂದಿನ ಕಥೆ

ಯಾಗಿ ಆಂಟೆನಾ: ದೂರದರ್ಶನದ ಕಾಲದಲ್ಲಿ ಮಾಡಿನ ಮೇಲೆ ಮೀನಿನ ಮುಳ್ಳಿನ ಹಾಗೆ ಕಾಣುತ್ತಿದ್ದದ್ದು ಇದೇ. ಒಂದು ಡೈಪೋಲ್, ಅದರ ಹಿಂದೆ ಸ್ವಲ್ಪ ಉದ್ದದ ಪ್ರತಿಫಲಕ ಕಂಬಿ, ಮುಂದೆ ಸ್ವಲ್ಪ ಗಿಡ್ಡ ಕಂಬಿಗಳು. ತಂತಿ ಜೋಡಿಸುವುದು ಡೈಪೋಲಿಗೆ ಮಾತ್ರ, ಉಳಿದವು ಸುಮ್ಮನೆ ನಿಂತೇ ಅಲೆಯನ್ನು ಮುಂದಕ್ಕೆ ತಿರುಗಿಸುತ್ತವೆ. 1926ರಲ್ಲಿ ಜಪಾನಿನ ಸೆಂಡಾಯ್ ನಗರದ ತೊಹೊಕು ವಿಶ್ವವಿದ್ಯಾಲಯದ ಶಿಂತಾರೊ ಉದಾ ಮತ್ತು ಹಿದೆತ್ಸುಗು ಯಾಗಿ ಇದನ್ನು ಪ್ರಕಟಿಸಿದರು. ಅವರ ದೇಶದಲ್ಲೇ ಯಾರೂ ಅಷ್ಟಾಗಿ ಗಮನಿಸಲಿಲ್ಲ. 1942ರಲ್ಲಿ ಸಿಂಗಾಪುರವನ್ನು ಹಿಡಿದ ಜಪಾನಿ ಸೇನೆಗೆ ಬ್ರಿಟಿಷ್ ರಾಡಾರ್ ಸಿಬ್ಬಂದಿಯ ಟಿಪ್ಪಣಿಯಲ್ಲಿ ಯಾಗಿ ಎಂಬ ಪದ ಸಿಕ್ಕಿತು, ಅರ್ಥ ತಿಳಿಯಲಿಲ್ಲ. ಸೆರೆಸಿಕ್ಕವನನ್ನು ಕೇಳಿದಾಗ ಅದು ನಿಮ್ಮದೇ ಪ್ರೊಫೆಸರರ ಹೆಸರು ಎಂದು ಅವನು ಹೇಳಬೇಕಾಯಿತು.

ಹಾರ್ನ್ ಆಂಟೆನಾ: ಕೊಳವೆಯ ಬಾಯನ್ನು ಕಹಳೆಯ ಹಾಗೆ ಅಗಲಿಸಿದ ಆಕಾರ. ಕಲ್ಕತ್ತಾದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಜಗದೀಶ್ ಚಂದ್ರ ಬೋಸ್ 1890ರ ದಶಕದಲ್ಲೇ ಮಿಲಿಮೀಟರ್ ಅಲೆಗಳ ಮೇಲೆ ಪ್ರಯೋಗ ನಡೆಸಿ ಇಂಥ ಹಾರ್ನ್ ಬಳಸಿದ್ದರು. 1897ರಲ್ಲಿ ಲಂಡನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಅದನ್ನು ತೋರಿಸಿದರು. ಇವತ್ತಿನ 5ಜಿ ಮತ್ತು ಕಾರಿನ ರಾಡಾರ್ ಮಿಲಿಮೀಟರ್ ಅಲೆಗಳಿಗೇ ಮರಳಿವೆ.

ಡಿಶ್ ಆಂಟೆನಾ: ಪರವಲಯದ ಆಕಾರದ ತಟ್ಟೆ ದೂರದಿಂದ ನೇರವಾಗಿ ಬರುವ ಅಲೆಗಳನ್ನು ಒಂದೇ ಬಿಂದುವಿಗೆ ಸೇರಿಸುತ್ತದೆ. ಈ ರೇಖಾಗಣಿತ ಪುರಾತನ ಗ್ರೀಕರಿಗೆ ಗೊತ್ತಿತ್ತು. ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಕೆಲಸ ಮಾಡಿದ, ಕಿತಾಬುಲ್ ಮನಾಝಿರ್ ಬರೆದ ಇಬ್ನುಲ್ ಹೈಥಮ್ ಸಾವಿರ ವರ್ಷದ ಹಿಂದೆ ಪರವಲಯದ ದಹನ ಕನ್ನಡಿಗಳ ಬಗ್ಗೆ ಪ್ರತ್ಯೇಕ ಗ್ರಂಥವನ್ನೇ ಬರೆದಿದ್ದರು. ಅವರು ಸೂರ್ಯನ ಬೆಳಕಿಗೆ ಹಾಕಿದ ಲೆಕ್ಕವೇ ಡಿಟಿಎಚ್ ತಟ್ಟೆಗೂ ಹೊಂದುತ್ತದೆ. 60 ಸೆಂಟಿಮೀಟರ್ ಡಿಶ್ 12 ಗಿಗಾಹರ್ಟ್ಸ್‌ನಲ್ಲಿ ಸುಮಾರು 35 ಡೆಸಿಬಲ್, ಅಂದರೆ ಮೂರು ಸಾವಿರ ಪಟ್ಟಿಗಿಂತ ಹೆಚ್ಚು ಗೈನ್ ಕೊಡುತ್ತದೆ. ಅದರ ಕಿರಣದ ಅಗಲ ಸುಮಾರು 3 ಡಿಗ್ರಿ ಮಾತ್ರ. ಆದ್ದರಿಂದಲೇ ಗಾಳಿಗೆ ಡಿಶ್ ಸ್ವಲ್ಪ ಅಲುಗಾಡಿದರೂ ಟಿವಿ ಹೋಗುತ್ತದೆ. ಜೋರು ಮಳೆಗೆ ಹೋಗುವುದು ಮಾತ್ರ ಬೇರೆ ಕಾರಣಕ್ಕೆ: ಈ ಫ್ರೀಕ್ವೆನ್ಸಿಯ ಅಲೆಗಳನ್ನು ಮಳೆಹನಿಗಳು ಹೀರಿ ಚದುರಿಸುತ್ತವೆ.

ಪ್ಯಾಚ್ ಆಂಟೆನಾ: ಸರ್ಕ್ಯೂಟ್ ಬೋರ್ಡಿನ ಮೇಲಿನ ಚೌಕಾಕಾರದ ತಾಮ್ರದ ಹಾಳೆ. ಗಾಳಿಯಲ್ಲಿ 2.45 ಗಿಗಾಹರ್ಟ್ಸ್‌ನ ಅರ್ಧ ತರಂಗ ಸುಮಾರು 61 ಮಿಲಿಮೀಟರ್. ಆದರೆ 1.6 ಮಿಲಿಮೀಟರ್ ದಪ್ಪದ ಎಫ್‌ಆರ್ 4 ಬೋರ್ಡಿನ ಮೇಲೆ ಪ್ಯಾಚಿನ ಉದ್ದ ಸುಮಾರು 29, ಅಗಲ 37 ಮಿಲಿಮೀಟರ್ ಸಾಕು. ಬೋರ್ಡಿನ ವಸ್ತು ಅಲೆಯನ್ನು ನಿಧಾನ ಮಾಡಿ ಅದರ ತರಂಗದೂರವನ್ನು ಕುಗ್ಗಿಸುತ್ತದೆ. ಆದರೆ ಇದರ ಬ್ಯಾಂಡ್‌ವಿಡ್ತ್ ಬಹಳ ಕಿರಿದು.

ಅರೇ: ಸಾಲಾಗಿ ಹಲವು ಆಂಟೆನಾ ಇಟ್ಟು, ಪ್ರತಿಯೊಂದಕ್ಕೂ ಕೊಡುವ ಸಿಗ್ನಲನ್ನು ಸ್ವಲ್ಪ ಸ್ವಲ್ಪ ಹಿಂದೆ ಮುಂದೆ ಮಾಡಿದರೆ, ಯಾವ ಕಂಬಿಯನ್ನೂ ಅಲುಗಾಡಿಸದೆ ಕಿರಣವನ್ನು ಬೇಕಾದ ಕಡೆಗೆ ತಿರುಗಿಸಬಹುದು. 5ಜಿ ಟವರಿನ ಚಪ್ಪಟೆ ಪೆಟ್ಟಿಗೆಯೊಳಗೆ ಇರುವುದು ಇದೇ. ಕರ್ನಾಟಕದ ಗೌರಿಬಿದನೂರಿನಲ್ಲಿ ಸಾವಿರ ಡೈಪೋಲುಗಳನ್ನು ಇಂಗ್ಲಿಷ್ ಟಿ ಅಕ್ಷರದ ಆಕಾರದಲ್ಲಿ ನಿಲ್ಲಿಸಿ, 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶವನ್ನು ನೋಡುವ ರೇಡಿಯೋ ದೂರದರ್ಶಕ ಕಟ್ಟಿದ್ದರು. ಪುಣೆ ಹತ್ತಿರದ ಜಿಎಂಆರ್‌ಟಿಯಲ್ಲಿ 45 ಮೀಟರ್ ವ್ಯಾಸದ 30 ಡಿಶ್‌ಗಳು ಒಟ್ಟಾಗಿ ಕೆಲಸ ಮಾಡುತ್ತವೆ.

ಯಾವ ಕ್ರಮದಲ್ಲಿ ಓದಬೇಕು

ಹೆಚ್ಚಿನವರು ಎಡವುವುದು ಆಂಟೆನಾ ಪಾಠದಲ್ಲಿ ಅಲ್ಲ, ಅದಕ್ಕಿಂತ ಮೊದಲಿನದರಲ್ಲಿ. ವೆಕ್ಟರ್ ಕ್ಯಾಲ್ಕುಲಸ್, ಕಾಂಪ್ಲೆಕ್ಸ್ ಸಂಖ್ಯೆ, ಗೋಳೀಯ ನಿರ್ದೇಶಾಂಕ ಈ ಮೂರು ಗಟ್ಟಿಯಾಗಬೇಕು. ಆಮೇಲೆ ಮ್ಯಾಕ್ಸ್‌ವೆಲ್ ಸಮೀಕರಣಗಳು, ನಂತರ ಟ್ರಾನ್ಸ್‌ಮಿಷನ್ ಲೈನ್ ಮತ್ತು ಸ್ಮಿತ್ ಚಾರ್ಟ್, ಅದರ ನಂತರ ಆಂಟೆನಾ. ಟ್ರಾನ್ಸ್‌ಮಿಷನ್ ಲೈನ್ ಬಿಟ್ಟು ನೇರ ಆಂಟೆನಾಗೆ ಹಾರಿದವರಿಗೆ ಇಂಪೀಡೆನ್ಸ್ ಎಂದೂ ಅರ್ಥವಾಗುವುದಿಲ್ಲ.

ಪುಸ್ತಕಗಳಲ್ಲಿ ಕಾನ್‌ಸ್ಟಂಟೈನ್ ಬಲಾನಿಸ್ ಅವರ ಆಂಟೆನಾ ಥಿಯರಿ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಇದರ ಮೊದಲ ಮುದ್ರಣ 1982ರದು. ಗಣಿತಕ್ಕಿಂತ ಮೊದಲು ಚಿತ್ರ ಮನಸ್ಸಿಗೆ ಬರಬೇಕು ಅನ್ನುವವರಿಗೆ ಹೆಲಿಕಲ್ ಆಂಟೆನಾ ಕಂಡುಹಿಡಿದ ಜಾನ್ ಕ್ರಾಸ್ ಅವರ ಆಂಟೆನಾಸ್ ಒಳ್ಳೆಯದು. ಭಾರತದ ಪರೀಕ್ಷೆಗಳಿಗೆ ಕೆ.ಡಿ. ಪ್ರಸಾದ್ ಅವರ ಪುಸ್ತಕ ಹೆಚ್ಚು ಬಳಕೆಯಲ್ಲಿದೆ. ಎನ್‌ಪಿಟಿಇಎಲ್‌ನಲ್ಲಿ ಐಐಟಿ ಬಾಂಬೆಯ ಪ್ರೊಫೆಸರ್ ಗಿರೀಶ್ ಕುಮಾರ್ ಅವರ ಆಂಟೆನಾ ಪಾಠಗಳು, ಪ್ರೊಫೆಸರ್ ಶೇವಗಾಂವ್ಕರ್ ಅವರ ಟ್ರಾನ್ಸ್‌ಮಿಷನ್ ಲೈನ್ ಪಾಠಗಳು ಉಚಿತವಾಗಿ ಸಿಗುತ್ತವೆ. ಕನ್ನಡ ಮಾಧ್ಯಮದಿಂದ ಬಂದವರು ಒಂದು ನೋಟ್‌ಬುಕ್ ಇಟ್ಟು, ಪ್ರತಿ ಇಂಗ್ಲಿಷ್ ಪದದ ಮುಂದೆ ಅದರ ಅರ್ಥವನ್ನು ತಮ್ಮ ಮಾತಲ್ಲೇ ಬರೆದುಕೊಂಡರೆ ಮೊದಲ ತಿಂಗಳ ಕಷ್ಟ ಬೇಗ ಕಳೆಯುತ್ತದೆ.

ಸಾಫ್ಟ್‌ವೇರ್‌ಗಳಲ್ಲಿ ಎಚ್‌ಎಫ್‌ಎಸ್‌ಎಸ್ ಮತ್ತು ಸಿಎಸ್‌ಟಿಯ ವಿದ್ಯಾರ್ಥಿ ಆವೃತ್ತಿಗಳು ಉಂಟು. ತಂತಿ ಆಂಟೆನಾಗಳಿಗೆ ಉಚಿತವಾದ ಫೋರ್ ನೆಕ್ ಟು, ಮುಕ್ತ ತಂತ್ರಾಂಶವಾದ ಓಪನ್ ಇಎಂಎಸ್ ಸಾಕು. ಆದರೆ ಸಾಫ್ಟ್‌ವೇರ್ ತೆರೆಯುವ ಮೊದಲು ಉತ್ತರ ಸುಮಾರು ಎಷ್ಟು ಬರಬೇಕು ಎಂದು ಕಾಗದದಲ್ಲಿ ಬರೆದಿಡಬೇಕು. ಇಲ್ಲದಿದ್ದರೆ ತಪ್ಪು ಉತ್ತರವೂ ಬಣ್ಣದ ಚಿತ್ರದಲ್ಲಿ ಚಂದವಾಗಿಯೇ ಕಾಣುತ್ತದೆ.

ಮನೆಯಲ್ಲೇ ಮಾಡುವ ಮೊದಲ ಪ್ರಯೋಗ

ಮಂಗಳೂರು ಆಕಾಶವಾಣಿಯ ಎಫ್‌ಎಂ 100.3 ಮೆಗಾಹರ್ಟ್ಸ್‌ನಲ್ಲಿ ಉಂಟು. 300 ಅನ್ನು 100.3ರಿಂದ ಭಾಗಿಸಿದರೆ 2.99 ಮೀಟರ್, ಅದರ ಅರ್ಧ 1.50 ಮೀಟರ್. ತಂತಿಯ ತುದಿಯ ಪರಿಣಾಮದಿಂದ ಸುಮಾರು ನೂರಕ್ಕೆ 5ರಷ್ಟು ಕಡಿಮೆ ಮಾಡಬೇಕು: 1.42 ಮೀಟರ್. ಅಂದರೆ 71 ಸೆಂಟಿಮೀಟರಿನ ಎರಡು ತುಂಡು ತಾಮ್ರದ ತಂತಿ. ಎರಡನ್ನೂ ಒಂದು ಪಿವಿಸಿ ಪೈಪಿನ ಮೇಲೆ ನೇರವಾಗಿ ಕಟ್ಟಿ, ನಡುವಿನ ಸಣ್ಣ ಸಂದಿಯಲ್ಲಿ ಟಿವಿ ಕೇಬಲಿನ ಒಳತಂತಿಯನ್ನು ಒಂದಕ್ಕೆ, ಹೊರಹೆಣಿಗೆಯನ್ನು ಇನ್ನೊಂದಕ್ಕೆ ಜೋಡಿಸಿ, ಇನ್ನೊಂದು ತುದಿಯನ್ನು ಹೊರಗಿನ ಆಂಟೆನಾಗೆ ಜಾಗ ಇರುವ ರೇಡಿಯೋಗೆ ಕೊಡಬೇಕು. ಟಿವಿ ಕೇಬಲ್ 75 ಓಮ್‌ನದು, ಡೈಪೋಲ್ 73. ಅಲ್ಲಿಗೆ ಹೊಂದಾಣಿಕೆ ತಾನಾಗಿ ಆಯಿತು.

ಇನ್ನು ಪೈಪನ್ನು ಮಲಗಿಸಿ, ನಿಲ್ಲಿಸಿ, ತುದಿಯನ್ನು ಮಂಗಳೂರಿನ ಕಡೆಗೆ ತೋರಿಸಿ, ಆಮೇಲೆ ಅಡ್ಡ ಹಿಡಿದು ಕೇಳಬೇಕು. ಪ್ಯಾಟರ್ನ್, ಪೋಲರೈಸೇಷನ್ ಎಂಬ ಪದಗಳು ಕಿವಿಗೇ ಅರ್ಥವಾಗುತ್ತವೆ. ಕರೆಂಟಿನ ತಂತಿಯ ಹತ್ತಿರ ಈ ಕೆಲಸ ಬೇಡ, ಗುಡುಗು ಸಿಡಿಲಿನ ಹೊತ್ತಿಗೆ ಮಾಳಿಗೆ ಹತ್ತುವುದೂ ಬೇಡ. ಇದು ಕೇಳುವುದಕ್ಕೆ ಮಾತ್ರ. ಹವ್ಯಾಸಕ್ಕಾಗಿ ಸಿಗ್ನಲ್ ಕಳುಹಿಸಬೇಕೆಂದರೆ ಕೇಂದ್ರ ಸರ್ಕಾರದ ದೂರಸಂಪರ್ಕ ಇಲಾಖೆಯ ಹ್ಯಾಮ್ ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆಯಬೇಕು. 12 ವರ್ಷ ತುಂಬಿದವರು ಆ ಪರೀಕ್ಷೆ ಬರೆಯಬಹುದು. ಅಳತೆ ಮಾಡಬೇಕೆನ್ನುವ ವಿದ್ಯಾರ್ಥಿಗಳು ನಾಲ್ಕೈದು ಜನ ಸೇರಿ ನ್ಯಾನೋ ವಿಎನ್‌ಎ ಎಂಬ ಅಂಗೈ ಗಾತ್ರದ ಉಪಕರಣ ಕೊಂಡರೆ ರಿಟರ್ನ್ ಲಾಸನ್ನು ಮನೆಯಲ್ಲೇ ನೋಡಬಹುದು.

ಮುಂದಿನ ದಾರಿ

ಪಿಯುಸಿ ಅಥವಾ ಪ್ಲಸ್ ಟುವಿನಲ್ಲಿ ಭೌತಶಾಸ್ತ್ರ, ಗಣಿತ ಓದಿದವರು ಕೇರಳದಲ್ಲಿ ಕೀಮ್, ಕರ್ನಾಟಕದಲ್ಲಿ ಸಿಇಟಿ ಬರೆದು ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್ ಸೇರಬಹುದು. ಕರ್ನಾಟಕದ ಸಿಇಟಿಯಲ್ಲಿ ಕಾಸರಗೋಡಿನಂಥ ಪ್ರದೇಶದವರಿಗೆ ಗಡಿನಾಡು ಕನ್ನಡಿಗ ಎಂಬ ಅರ್ಹತಾ ವಿಭಾಗ ಉಂಟು. ಅರ್ಜಿ ಹಾಕುವ ಮೊದಲು ಆ ವರ್ಷದ ನಿಯಮವನ್ನು ಸರಿಯಾಗಿ ಓದಿಕೊಳ್ಳಬೇಕು. ಕಾಲೇಜಿನಲ್ಲಿ ಆಂಟೆನಾ ಪೇಪರ್ ಸಾಮಾನ್ಯವಾಗಿ ಮೂರನೇ ವರ್ಷದ ಹೊತ್ತಿಗೆ ಬರುತ್ತದೆ. ಗೇಟ್ ಪರೀಕ್ಷೆಯ ಎಲೆಕ್ಟ್ರಾನಿಕ್ಸ್ ಪತ್ರಿಕೆಯಲ್ಲೂ ಡೈಪೋಲ್, ಮೋನೋಪೋಲ್, ಅರೇ ಸೇರಿವೆ. ಆಮೇಲೆ ಐಐಎಸ್‌ಸಿ, ಐಐಟಿ, ಸುರತ್ಕಲ್ಲಿನ ಎನ್‌ಐಟಿಕೆ, ಕೊಚ್ಚಿಯ ಕುಸಾಟ್‌ನಂಥ ಕಡೆ ಉನ್ನತ ಓದು, ಸಂಶೋಧನೆ ಸಾಧ್ಯ.

ಕೆಲಸದ ಜಾಗಗಳೂ ದೂರದಲ್ಲಿಲ್ಲ. ಬೆಂಗಳೂರಿನಲ್ಲಿ ರಾಡಾರ್ ಮಾಡುವ ಡಿಆರ್‌ಡಿಒದ ಎಲ್‌ಆರ್‌ಡಿಇ, ಬಿಇಎಲ್, ಇಸ್ರೋದ ಇಸ್ಟ್ರಾಕ್ ಇವೆ. ಬೆಂಗಳೂರು ಹತ್ತಿರದ ಬ್ಯಾಲಾಳುವಿನಲ್ಲಿ ಚಂದ್ರಯಾನದ ಜೊತೆ ಮಾತಾಡಿದ 32 ಮೀಟರ್ ವ್ಯಾಸದ ಡಿಶ್ ನಿಂತಿದೆ. ಖಾಸಗಿಯಲ್ಲಿ ಫೋನ್, ವೈಫೈ, ಕಾರಿನ ರಾಡಾರ್, ಉಪಗ್ರಹ ಕಂಪನಿಗಳಿವೆ. ಟವರ್ ಏರುವುದು ಮಾತ್ರವೇ ಆಂಟೆನಾ ಕೆಲಸ ಎಂಬ ತಿಳಿವಳಿಕೆಯಿಂದ ಹೆಣ್ಣುಮಕ್ಕಳನ್ನು ಈ ಕಡೆಗೆ ಕಳುಹಿಸಲು ಹಿಂಜರಿಯುವ ಮನೆಗಳೂ ಇವೆ. ಡಿಸೈನ್ ಕೆಲಸ ನಡೆಯುವುದು ಕಂಪ್ಯೂಟರಿನ ಮುಂದೆ ಮತ್ತು ಸದ್ದು ಪ್ರತಿಧ್ವನಿಸದ ಕೋಣೆಯ ಹಾಗೆ ಅಲೆ ಪ್ರತಿಫಲಿಸದಂತೆ ಕಟ್ಟಿದ ಪರೀಕ್ಷಾ ಕೋಣೆಯಲ್ಲಿ.

ಗಲ್ಫಿನಲ್ಲಿ ಇಪ್ಪತ್ತು ವರ್ಷ ಡಿಶ್ ತಿರುಗಿಸಿದ ಬಾಪನಿಗೆ ಯಾವ ಕೋನದಲ್ಲಿ ಸಿಗ್ನಲ್ ಸಿಗುತ್ತದೆ ಎಂಬುದು ಕೈಯಲ್ಲೇ ಗೊತ್ತಿರುತ್ತದೆ. ಆ 3 ಡಿಗ್ರಿ ಎಲ್ಲಿಂದ ಬಂತು ಎಂದು ಮಗನೋ ಮಗಳೋ ಲೆಕ್ಕ ಹಾಕಿ ತೋರಿಸಿದರೆ ಮನೆಯ ಅನುಭವಕ್ಕೆ ಓದಿನ ಬಲವೂ ಸೇರುತ್ತದೆ. ಅದಕ್ಕೆ ಮೊದಲು ಬೇಕಾದದ್ದು 71 ಸೆಂಟಿಮೀಟರಿನ ಎರಡು ತುಂಡು ತಂತಿ, ಒಂದು ಅಳತೆ ಟೇಪು.